ಮೇಷ್ಟ್ರ ಮೂಳೆ

ಅವಳಲ್ಲಿ ವಿನಯವಿರಲಿಲ್ಲ. ಬೇರೆ ಬಹಳ ಇತ್ತು: ಒಮ್ಮೆ ಓದಿದ್ದನ್ನು ಬಿಟ್ಟುಕೊಡದ ತಲೆ, ಸ್ಟೂಲಿನ ಮೇಲೆ ದಿನವಿಡೀ ಕೂತರೂ ನೋಯದ ಬೆನ್ನು, ಎಲ್ಲಕ್ಕಿಂತ ಹೆಚ್ಚಾಗಿ ಒಂದು ಕೈ. ಲ್ಯಾಬಿನಲ್ಲಿ ಕೈ ಎಂದರೆ ಕೈಗುಣ. ಅದೇ ದ್ರಾವಣ, ಅದೇ ಬಿಸಿ, ಅದೇ ಫ್ಲಾಸ್ಕು. ಒಬ್ಬರ ಕೈಯಲ್ಲಿ ಜೀವಕೋಶಗಳು ಬದುಕುತ್ತವೆ, ಇನ್ನೊಬ್ಬರ ಕೈಯಲ್ಲಿ ಸಾಯುತ್ತವೆ. ಯಾಕೆಂದು ಯಾವ ಪುಸ್ತಕವೂ ಹೇಳುವುದಿಲ್ಲ. ಅವಳ ಕೈಯಲ್ಲಿ ಸತ್ತದ್ದು ಬಹಳ ಕಡಿಮೆ. ಇದನ್ನು ಯಾರಾದರೂ ಹೊಗಳಿದರೆ, 'ಅಯ್ಯೋ ಅದೇನಿಲ್ಲ' ಎನ್ನಬೇಕಾದ ಜಾಗದಲ್ಲಿ ಅವಳು 'ಹೌದು' ಎನ್ನುತ್ತಿದ್ದಳು. ಹೊಗಳಿದವರು ಅದಕ್ಕೇ ಎರಡನೇ ಸಲ ಹೊಗಳುತ್ತಿರಲಿಲ್ಲ.

ಬೆಳಿಗ್ಗೆ ಅಪ್ಪ ಮಂಚದ ಅಂಚಿನಲ್ಲಿ ಎಡಗಾಲು ಚಾಚಿ ಕೂತಿದ್ದ. ಸೊಂಟದ ಕೀಲು ಬದಲಾಯಿಸಿದ ಮೇಲೆ ಅವನು ಬಗ್ಗುವಂತಿಲ್ಲ. ಬದುಕಿನುದ್ದಕ್ಕೂ ಶಾಲೆಯ ಮೈದಾನದಲ್ಲಿ ಸೀಟಿ ಊದಿ ಊದಿ ಹುಡುಗರನ್ನು ಬಗ್ಗಿಸಿ ಏಳಿಸಿದ ಡ್ರಿಲ್ ಮೇಷ್ಟ್ರಿಗೆ ಈಗ ಕಾಲುಚೀಲ ಹಾಕಿಕೊಳ್ಳಲು ಮಗಳು ಬೇಕು. ಅವಳು ಹಾಕುವಷ್ಟು ಹೊತ್ತೂ ಅವನು ಗೋಡೆ ನೋಡುತ್ತಿದ್ದ, ಆ ಕಾಲು ಯಾರದೋ ಎಂಬಂತೆ. ಚೀಲ ಹಿಮ್ಮಡಿಗೆ ಕೂತಮೇಲಷ್ಟೇ ಅವನ ದನಿ ವಾಪಸು ಬರುತ್ತಿತ್ತು.

"ಹೆಂಗಿದೆ ನನ್ನ ಮೂಳೆ?"

"ಚೆನ್ನಾಗಿದೆ."

"ಊಟ ಮಾಡ್ತಿದೆಯಾ?"

"ನಿನಗಿಂತ ಜಾಸ್ತಿ."

"ಮಾಡ್ಲಿ ಬಿಡು. ದುಡಿಯೋನು ತಿನ್ನಬೇಕು. ನಾನು ರಿಟೈರ್ ಆದೆ. ನನ್ನ ಮೂಳೆ ಇನ್ನೂ ಸರ್ವಿಸಿನಲ್ಲಿದೆ."

ಈ ಮಾತನ್ನು ಅವನು ಕ್ಷೌರದವನಿಗೆ, ಹಾಲಿನವನಿಗೆ, ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಹೇಳಿ ಮುಗಿಸಿದ್ದ. ಕೇಳಿದವರು ಮುಖ ಮುಖ ನೋಡಿಕೊಳ್ಳುವುದೂ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳುತ್ತಿದ್ದ. ಆ ಭಂಡತನ ತನಗೆ ಎಲ್ಲಿಂದ ಬಂತೆಂದು ಅವಳು ಬೇರೆ ಕಡೆ ಹುಡುಕಬೇಕಾಗಿರಲಿಲ್ಲ.

"ಇವತ್ತು ಆಸ್ಪತ್ರೆ ಡಾಕ್ಟರುಗಳೆಲ್ಲ ಬರ್ತಾರೆ ಅಂದೆಯಲ್ಲ?" ಅವಳು ಚಪ್ಪಲಿ ಮೆಟ್ಟುವಾಗ ಕೇಳಿದ. "ಮೂಳೆ ಯಾರದ್ದು ಅಂತ ಹೇಳ್ತಾರಾ?"

"ಹೆಸರು ಹೇಳಲ್ಲ ಅಪ್ಪ. ನಿಯಮ ಇದೆ."

"ನಿಯಮ ಮಾಡಿದೋನಿಗೆ ಮೂಳೆ ಇಲ್ಲ," ಎಂದ ಅಪ್ಪ.

ಮಧ್ಯಾಹ್ನದ ಸಭೆಗೆ ಲ್ಯಾಬಿನ ಮುಖ್ಯಸ್ಥರಾದ ಸರ್‌ಗೆ ಒಂದು ಚಿತ್ರ ಬೇಕಿತ್ತು. ಅಂಕಿಗಳೆಲ್ಲ ತಯಾರಿದ್ದವು, ಒಂದು ಚೆಂದದ ಚಿತ್ರ ಬೇಕು, ನೋಡಿದ ಕೂಡಲೇ ಗೊತ್ತಾಗಬೇಕು, ಎಂದಿದ್ದರು. ಅವಳು ಬೆಚ್ಚನೆಯ ಪೆಟ್ಟಿಗೆಯಿಂದ ಒಂದು ಫ್ಲಾಸ್ಕನ್ನು ಎರಡೂ ಅಂಗೈಯಲ್ಲಿ ಹಿಡಿದು ತಂದು ಮೈಕ್ರೋಸ್ಕೋಪಿನ ಕೆಳಗಿಟ್ಟಳು. ತುಂಬಿದ ಲೋಟವನ್ನು ಒಂದು ಹನಿ ಚೆಲ್ಲದಂತೆ ತರುವ ನಡಿಗೆ ಅದು. ಇಡೀ ಲ್ಯಾಬು ಅದನ್ನು ಬೆನ್ನಹಿಂದೆ ಅಣಕಿಸುತ್ತಿತ್ತು. ಅಣಕಿಸಿದವರೇ ತಮ್ಮ ಕೋಶಗಳು ಸಾಯತೊಡಗಿದಾಗ ಬಾಗಿಲಲ್ಲಿ ನಿಂತು, 'ಮೇಷ್ಟ್ರನ್ನ ಒಂಚೂರು ಕೊಡ್ತೀರಾ' ಎನ್ನುತ್ತಿದ್ದರು. ಮೇಷ್ಟ್ರು ಎಂದರೆ ಈ ಫ್ಲಾಸ್ಕಿನ ತಳದಲ್ಲಿ ಅಂಟಿಕೊಂಡಿದ್ದ ಪದರ. ಎಲ್ಲ ಫ್ಲಾಸ್ಕುಗಳ ಮೇಲೂ ಅವಳೇ ಹಾಗೆ ಬರೆದಿದ್ದಳು: ಮೇಷ್ಟ್ರು ಒಂದು, ಮೇಷ್ಟ್ರು ಎರಡು. ಹೆಸರು ಹೇಳಬಾರದೆಂಬ ನಿಯಮವಿತ್ತು, ಅಡ್ಡಹೆಸರಿಗೆ ನಿಯಮವಿರಲಿಲ್ಲ.

ಮೂಳೆಯೊಳಗಿನ ಮೆತ್ತನೆಯ ಮಜ್ಜೆಯಲ್ಲಿ ರಕ್ತ ಹುಟ್ಟುತ್ತದೆ. ಆದರೆ ಮಜ್ಜೆಯಲ್ಲಿರುವುದೆಲ್ಲ ರಕ್ತವಾಗುವುದಿಲ್ಲ. ರಕ್ತವಾಗುವ ಕೋಶಗಳ ನಡುವೆ ಇನ್ನೊಂದು ಜಾತಿಯವು ಇರುತ್ತವೆ. ತಾವು ಎಲ್ಲಿಗೂ ಹೋಗದೆ, ಹೋಗುವವಕ್ಕೆ ಉಣ್ಣಿಸಿ, ಜಾಗ ಕೊಟ್ಟು, ಯಾವಾಗ ಬೆಳೆಯಬೇಕು ಯಾವಾಗ ಸುಮ್ಮನಿರಬೇಕು ಎಂದು ತಿದ್ದುತ್ತಾ ಇರುವಂಥವು. ಫ್ಲಾಸ್ಕಿಗೆ ಹಾಕಿದರೆ ಅವು ತಳ ಹಿಡಿದು, ಕೈಕಾಲು ಚಾಚಿ, ಒಂದನ್ನೊಂದು ಒತ್ತಿಕೊಂಡು ಹರಡಿಕೊಳ್ಳುತ್ತವೆ. ರಕ್ತದ ಕ್ಯಾನ್ಸರ್ ಬಂದಾಗ ರೋಗದ ಕೋಶಗಳೂ ಅವುಗಳ ಆಸರೆಯಲ್ಲೇ ಬೆಳೆಯುತ್ತವೆ. ರೋಗಿಯಿಂದ ತೆಗೆದ ಆ ಕೋಶಗಳನ್ನು ಬರಿ ಫ್ಲಾಸ್ಕಿಗೆ ಹಾಕಿದರೆ ಔಷಧವೇ ಬೇಡ, ನಾಲ್ಕಾರು ದಿನಕ್ಕೆ ತಾವಾಗಿ ಸಾಯುತ್ತವೆ. ಪದರದ ಮೇಲೆ ಹಾಕಿದರೆ ಬದುಕುತ್ತವೆ. ಬರಿ ಫ್ಲಾಸ್ಕಿನಲ್ಲಿ ರೋಗ ಕೊಂದು ಬೀಗುವವರನ್ನು ಕಂಡರೆ ಅವಳಿಗೆ ನಗು. ಅದು ನೀರಿಂದ ಎತ್ತಿದ ಮೀನನ್ನು ಗುಂಡಿಟ್ಟು ಹೊಡೆದ ಹಾಗೆ. ಅವಳು ಹೊಸ ಔಷಧವನ್ನು ಪದರದ ಮೇಲೆಯೇ ಪರೀಕ್ಷಿಸಿದ್ದಳು. ಮನೆಯೊಳಗೇ ಹೊಕ್ಕು ಹೊಡೆದಿದ್ದೇವೆ ಎಂದು ಸರ್ ಹೇಳಿಕೊಂಡು ತಿರುಗುತ್ತಿದ್ದರು. ಆರು ತಿಂಗಳು, ಪ್ರತಿಸಲವೂ, ಮೇಲಿನ ದ್ರಾವಣವನ್ನು ಹೀರಿ ಎಣಿಸಿದಾಗ ರೋಗದ ಕೋಶಗಳೆಲ್ಲ ಸತ್ತಿದ್ದವು. ಪದರಕ್ಕೆ ಗೀರೂ ಆಗಿರುತ್ತಿರಲಿಲ್ಲ. ಹಾಗೆ ಹೀರುವುದು ಅವಳೊಬ್ಬಳಿಗೇ ಬರುತ್ತಿತ್ತು.

ಅಪ್ಪನ ಕೀಲು ಬದಲಾಯಿಸಿದ ದಿನ ಆಪರೇಷನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತವರ ತೊಡೆಯ ಮೇಲೆ ಊಟದ ಡಬ್ಬಿ, ಫೈಲು, ಮಗು. ಅವಳ ತೊಡೆಯ ಮೇಲೆ ಐಸ್ ಪೆಟ್ಟಿಗೆ. ಸವೆದ ಕೀಲಿನ ಮೂಳೆಯ ತುದಿಯನ್ನು ಗರಗಸದಲ್ಲಿ ಕತ್ತರಿಸಿ ಲೋಹದ ಗುಂಡು ಕೂರಿಸುತ್ತಾರೆ. ಕತ್ತರಿಸಿದ್ದು ಕಸಕ್ಕೆ ಹೋಗುತ್ತದೆ. ಅದನ್ನು ತನಗೆ ಕೊಡಿ ಎಂದು ಅವಳು ಮೊದಲೇ ಕೇಳಿದ್ದಳು. ಅಪ್ಪ ಒಪ್ಪಿಗೆ ಪತ್ರಕ್ಕೆ ಶಾಲೆಯ ವಾರ್ಷಿಕೋತ್ಸವದಲ್ಲಿ ಬಹುಮಾನ ಕೊಡುವವನ ಹಾಗೆ ಎದೆ ಸೆಟೆಸಿ ರುಜು ಹಾಕಿದ್ದ. ಬಾಗಿಲು ತೆರೆದು ನರ್ಸ್ ಹೊರಗೆ ಬಂದಾಗ ಅವಳು ಎದ್ದು ನಿಂತು ಕೇಳಿದ ಮೊದಲ ಮಾತು: "ಮೂಳೆ ಬಂತಾ?" ನರ್ಸ್ ಐಸ್ ಪೆಟ್ಟಿಗೆಯನ್ನೊಮ್ಮೆ ನೋಡಿ, "ನಿಮ್ಮ ತಂದೆನೂ ಚೆನ್ನಾಗಿದ್ದಾರೆ" ಎಂದಳು. ಬೆಂಚಿನ ಮೇಲಿದ್ದವರೆಲ್ಲ ಇವಳ ಕಡೆ ತಿರುಗಿದರು. ಆ ನೋಟ ಇನ್ನೂ ಕತ್ತಿನ ಹಿಂಭಾಗದಲ್ಲಿ ಎಲ್ಲೋ ಅಂಟಿಕೊಂಡಿದೆ, ತೊಳೆದರೂ ಹೋಗದ ಬ್ಯಾಂಡೇಜಿನ ಅಂಟಿನಂತೆ.

ಮೈಕ್ರೋಸ್ಕೋಪಿನ ಕಣ್ಣುಗಾಜಿಗೆ ಕಣ್ಣಿಟ್ಟಳು. ಪದರ ಸೊಗಸಾಗಿತ್ತು. ಉದ್ದುದ್ದ ಕೋಶಗಳು ಬಾಚಿದ ಕೂದಲಂತೆ ಒಂದೇ ದಿಕ್ಕಿಗೆ ಹರಿದಿದ್ದವು. ಮೇಲೆ ಸತ್ತ ಕೋಶಗಳ ಚೂರು ಒಂದೆರಡು. ಇನ್ನಷ್ಟು ನಿಚ್ಚಳವಾಗಲಿ ಎಂದು ತಿರುಪನ್ನು ಒಂದೆಳೆ ಕೆಳಕ್ಕೆ ತಿರುಗಿಸಿದಳು. ಆರು ತಿಂಗಳಲ್ಲಿ ಅವಳು ಅಷ್ಟು ಕೆಳಕ್ಕೆ ಹೋಗಿರಲಿಲ್ಲ; ಎಣಿಸಬೇಕಾದ್ದು ಮೇಲಿತ್ತು, ಕೆಳಗೆ ಕೆಲಸವಿರಲಿಲ್ಲ. ಅಲ್ಲಲ್ಲಿ ಬೂದು ಮಚ್ಚೆಗಳಿದ್ದವು. ಅವು ಅವಳಿಗೆ ಹಳೆ ಪರಿಚಯ. ವಯಸ್ಸಾದ ಮೂಳೆ, ಪದರ ಅಲ್ಲಲ್ಲಿ ಮಡಿಚಿಕೊಂಡಿದೆ ಎಂದು ಅವುಗಳಿಗೆ ಸುಕ್ಕು ಎಂದು ಹೆಸರಿಟ್ಟಿದ್ದಳು. ಈಗ ಸುಕ್ಕಿಗೆ ಅಂಚು ಕಂಡಿತು. ಪುಟ್ಟ ಪುಟ್ಟ ಗುಂಡನೆಯ ಅಂಚುಗಳು, ರಸ್ತೆಗೆ ಜೋಡಿಸಿದ ಕಲ್ಲುಗಳ ಹಾಗೆ ಒತ್ತೊತ್ತಾಗಿ. ಮೇಲೆ ಕೂತ ಕೋಶ ಬೆಳಕಿನ ಬಳೆ ತೊಟ್ಟಂತೆ ಹೊಳೆಯುತ್ತದೆ. ಇವು ಹೊಳೆಯುತ್ತಿರಲಿಲ್ಲ. ಇವು ಪದರದ ಕೆಳಗಿದ್ದವು.

ಸತ್ತವು ಇರಬೇಕು ಎಂದುಕೊಂಡಳು. ಬಾಯಿಯೊಳಗೆ ಚಿಲ್ಲರೆ ಕಾಸಿನ ರುಚಿ. ನೋಡುತ್ತಲೇ ಇದ್ದಳು. ಹಿಂದಿನ ಮೇಜಿನಲ್ಲಿ ಯಾರೋ ಯಂತ್ರಕ್ಕೆ ಕೊಳವೆ ತುಂಬಿ ಮುಚ್ಚಳ ಹಾಕಿದ ಸದ್ದು, ಕಾರಿಡಾರಿನಲ್ಲಿ ಟ್ರಾಲಿ, ಯಾರದೋ ನಗು. ಎಲ್ಲವೂ ನೀರಿನಡಿಯಿಂದ ಕೇಳಿದಂತೆ. ಒಂದು ಬೂದು ಕೋಶ ನಿಧಾನವಾಗಿ ಗುಂಡಗಾಯಿತು. ನಡು ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ಎರಡಾಯಿತು. ಪದರದ ಕೋಶಗಳಲ್ಲಿ ಯಾವುದೋ ಒಂದು ಒಡೆದಿರಬಹುದೆಂದು ಹೇಳಿಕೊಳ್ಳಲು ಅವಳಿಗೆ ಆಗಲಿಲ್ಲ. ಪದರದವು ಇದರ ಹತ್ತು ಪಟ್ಟು ದೊಡ್ಡವು, ಅವು ಒಡೆಯುವುದನ್ನು ನಿಲ್ಲಿಸಿ ಬಹಳ ದಿನವಾಗಿತ್ತು. ಸತ್ತದ್ದು ಎರಡಾಗುವುದಿಲ್ಲ. ಔಷಧ ಬಿದ್ದಾಗ ಇವು ಅಪ್ಪನ ಮೂಳೆಯ ಕೆಳಗೆ ತೂರಿಕೊಂಡು, ಅಲ್ಲೇ ಉಂಡು, ಅಲ್ಲೇ ಮಲಗಿ, ಈಗ ಮಕ್ಕಳು ಮಾಡುತ್ತಿದ್ದವು. ಮೇಲಿದ್ದವನ್ನಷ್ಟೇ ಅವಳು ಎಣಿಸಿದ್ದಳು.

ಅವಳಿಗೆ ಮೊದಲು ಅನ್ನಿಸಿದ್ದು ಭಯವಲ್ಲ. ಎಷ್ಟು ಚೆನ್ನಾಗಿ ಬಚ್ಚಿಟ್ಟಿದೆ, ಅನ್ನಿಸಿತು. ಮೈ ಜುಮ್ಮೆಂದಿತು. ಆಮೇಲೆ ನಾಚಿಕೆಯಾಯಿತು, ಹಾಗೆ ಅನ್ನಿಸಿದ್ದಕ್ಕೆ.

"ಏನ್ ಮೇಡಂ, ಬೆಳಗ್ಗೆಯಿಂದ ಒಂದೇ ಫ್ಲಾಸ್ಕು. ಹೆಣ್ಣು ನೋಡೋಕೆ ಬಂದೋರಂಗೆ ಕೂತಿದ್ದೀರಲ್ಲ."

ಬುಲ್ಡೋಜರ್. ಅವಳಿಗಿಂತ ಎರಡು ವರ್ಷ ಮೊದಲೇ ಲ್ಯಾಬಿಗೆ ಸೇರಿದವನು. ಅಗಲ ಭುಜ, ದಪ್ಪ ಬೆರಳು. ಅವನು ನಡೆದರೆ ಕಪಾಟಿನ ಸೀಸೆಗಳು ಮಾತಾಡುತ್ತವೆ. ಹೆಸರಿಟ್ಟವಳು ಅವಳೇ. ಇದೇ ಪ್ರಯೋಗವನ್ನು ಅವನೂ ಮಾಡಿದ್ದ. ಅವನ ಲೆಕ್ಕದಲ್ಲಿ ಪ್ರತಿಸಲವೂ ಒಂದಿಷ್ಟು ರೋಗದ ಕೋಶಗಳು ಬದುಕಿರುತ್ತಿದ್ದವು. ವಾರದ ಸಭೆಯಲ್ಲಿ ಅವನು ಅದನ್ನು ಹೇಳಿದ ದಿನ ಅವಳು ಕುರ್ಚಿಗೆ ಒರಗಿಕೊಂಡೇ ಹೇಳಿದ್ದಳು: "ನೀನು ಪದರಾನೇ ಕಿತ್ತು ಹಾಕ್ತೀಯ. ಪದರದ ಚೂರನ್ನೆಲ್ಲ ರೋಗ ಅಂತ ಎಣಿಸ್ತೀಯ. ಪಾತ್ರೆ ಉಜ್ಜೋ ಕೈ ನಿಂದು." ಎಲ್ಲರೂ ನಕ್ಕಿದ್ದರು. ಸರ್ ಕೂಡ. ಅವನೂ ನಕ್ಕ, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ. ಆ ಮೇಲೆ ಅವನಿಗೆ ಬೇರೆ ಕೆಲಸ ಕೊಟ್ಟರು.

"ಇಲ್ಲಿ ಬಾ," ಎಂದಳು. "ನೋಡು."

ಅವನು ಬಗ್ಗಿದ. ಕುತ್ತಿಗೆಯ ಮೇಲೆ ಬೆವರಿನ ಗೆರೆ. ತಿರುಪನ್ನು ಮೇಲೆ ಕೆಳಗೆ ಆಡಿಸಿದ.

"ಕೆಳಗಿದಾವೆ."

"ಹೂಂ."

"ಬದುಕಿದಾವಾ?"

"ಒಂದು ಈಗ ಎರಡಾಯ್ತು. ನನ್ನ ಕಣ್ಣೆದುರಿಗೇ."

ಅವನು ನೆಟ್ಟಗೆ ನಿಂತ. ಅವನ ಮುಖದಲ್ಲಿ ಏನು ಬರುತ್ತದೋ ಎಂದು ಅವಳು ಕಾದಳು. ಬಂದದ್ದನ್ನು ಅವನು ಮುಚ್ಚಲೂ ಇಲ್ಲ. ಖುಷಿ.

"ಪಾತ್ರೆ ಉಜ್ಜೋ ಕೈ ಅಂದಿದ್ರಿ."

"ಅಂದಿದ್ದೆ."

"ಈಗ ಏನಂತೀರಿ?"

"ಈಗಲೂ ಅದೇ. ನಿನ್ನ ಕೈ ಒರಟೇ. ಲೆಕ್ಕ ಸರಿ ಇತ್ತು."

"ಅಬ್ಬಾ," ಎಂದ ಅವನು. "ಇಷ್ಟು ದಿನ ಬದುಕಿದ್ದಕ್ಕೆ ಇದನ್ನಾದ್ರೂ ಕೇಳಿದೆ. ಸರ್‌ಗೆ ಹೇಳ್ತೀರಾ?"

ಹೇಳದೇ ಇರುವುದು ಬಹಳ ಸುಲಭವಾಗಿತ್ತು. ತಿರುಪನ್ನು ಒಂದೆಳೆ ಮೇಲಕ್ಕೆ ತಿರುಗಿಸಿದರೆ ಸಾಕು, ಪದರ ಮತ್ತೆ ಬಾಚಿದ ಕೂದಲು. ಚಿತ್ರ ತೆಗೆಯುವುದು. ಮಧ್ಯಾಹ್ನ ಡಾಕ್ಟರುಗಳು ಹೂಂ ಅನ್ನುತ್ತಾರೆ, ಈ ಒಂದೇ ಔಷಧವನ್ನು ಕೆಲವು ರೋಗಿಗಳಿಗೆ ಕೊಟ್ಟುನೋಡಲು ಏರ್ಪಾಟು ಶುರುವಾಗುತ್ತದೆ, ಲೇಖನ ಅಚ್ಚಾಗುತ್ತದೆ, ಮೊದಲ ಹೆಸರು ಅವಳದು. ರೋಗಿಗಳಿಗೆ ಮೊದಮೊದಲು ಚೆನ್ನಾಗಿಯೇ ಇರುತ್ತದೆ. ರಕ್ತ ಪರೀಕ್ಷೆಯಲ್ಲಿ ರೋಗ ಕಾಣುವುದಿಲ್ಲ, ರಕ್ತ ಎಂದರೆ ಮೇಲಿನ ದ್ರಾವಣವೇ ತಾನೆ. ಆಮೇಲೆ ಒಂದು ದಿನ ಮೂಳೆಯೊಳಗಿಂದ ಮತ್ತೆ ಹೊರಡುತ್ತದೆ. ಆ ರೋಗಿಗಳ ಮುಖ ನೆನೆಯಲು ನೋಡಿದಳು. ಯಾವ ಮುಖವೂ ಬರಲಿಲ್ಲ. ಅವರು ಅವಳಿಗೆ ಕೊಳವೆಯ ಮೇಲಿನ ನಂಬರುಗಳಾಗಿಯೇ ಬಂದಿದ್ದರು. ಮುಖ ಬಾರದ್ದಕ್ಕೆ ಕಣ್ಣು ಒದ್ದೆ ಮಾಡಿಕೊಳ್ಳಲು ನೋಡಿದಳು, ಅದೂ ಆಗಲಿಲ್ಲ. ಆದದ್ದು ಬೇರೆ. ಎಲ್ಲೋ ಇನ್ನೊಂದು ಲ್ಯಾಬಿನಲ್ಲಿ ಇನ್ನೊಬ್ಬಳು, ಅವಳಿಗಿಂತ ದಡ್ಡಿ, ತಿರುಪನ್ನು ಒಂದೆಳೆ ಕೆಳಕ್ಕೆ ತಿರುಗಿಸುತ್ತಾಳೆ. ಅಯ್ಯೋ, ಇಷ್ಟೂ ನೋಡಿರಲಿಲ್ಲವೇ ಇವಳು, ಎನ್ನುತ್ತಾಳೆ. ಅದನ್ನು ನೆನೆದ ಕೂಡಲೇ ಕಿವಿ ಬಿಸಿಯಾಯಿತು. ತನ್ನ ಪದರದ ಕೆಳಗಿರುವುದನ್ನು ಬೇರೆಯವರು ಕಂಡುಹಿಡಿಯುವುದೇ? ಎದ್ದು ನಿಂತಳು. ಕರುಣೆಯಿಂದ ಎದ್ದವಳಲ್ಲ ಎಂದು ಅವಳಿಗೇ ಗೊತ್ತಿತ್ತು. ಗೊತ್ತಿದ್ದದ್ದು ಅವಳನ್ನು ತಡೆಯಲಿಲ್ಲ.

ಸರ್ ಕೋಣೆಯಲ್ಲಿ ಟೈ ಕಟ್ಟಿಕೊಳ್ಳುತ್ತಿದ್ದರು. ಕೇಳಿಸಿಕೊಂಡರು. ಗಂಟು ಬಿಚ್ಚಿ ಮತ್ತೆ ಕಟ್ಟಿದರು.

"ಒಂದು ಫ್ಲಾಸ್ಕ್ ನೋಡಿದೀಯ. ಅಷ್ಟೇ ತಾನೆ?"

"ಅಷ್ಟೇ ಸರ್."

"ಹನ್ನೆರಡು ಫ್ಲಾಸ್ಕಿದಾವೆ. ಒಂದರಲ್ಲಿ ಏನೋ ಬೂದು ಕಂಡಿತು ಅಂತ ನಾನು ಆರು ತಿಂಗಳ ಕೆಲಸ ನುಂಗಲಾ? ಇವತ್ತು ಒಂದಿನ ಸುಮ್ಮನಿರು. ನಾಳೆ ಕೂತು ನೋಡೋಣ."

"ನಾಳೆಗೆ ಅವರು ಹೂಂ ಅಂದಾಗಿರುತ್ತೆ ಸರ್."

"ಹಾಗಾದ್ರೆ ಎಲ್ಲ ಕಿತ್ತು ಎಣಿಸು," ಎಂದರು ಸರ್, ನಗುತ್ತಾ. ಅವಳು ಕೀಳುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಕೆಳಗಿದ್ದವನ್ನು ಎಣಿಸಬೇಕಾದರೆ ಬಿಡಿಸುವ ದ್ರಾವಣ ಸುರಿದು ಪದರವನ್ನು ತಳದಿಂದ ಎಬ್ಬಿಸಬೇಕು. ಎಬ್ಬಿಸಿ ಬಣ್ಣ ಬೆರೆಸಿದ ಪದರ ಮತ್ತೆ ಕೂರುವುದಿಲ್ಲ. ಇಂಥ ಕೋಶಗಳು ಕೆಲವು ಸಲ ಹಂಚಿ ಬೆಳೆಸಿದ ಮೇಲೆ ದಣಿಯುತ್ತವೆ. ಮೇಷ್ಟ್ರು ದಣಿದಾಗಿತ್ತು. ಫ್ರೀಜರಿನಲ್ಲಿದ್ದ ಕೊನೆಯ ಸೀಸೆಯನ್ನು ಈ ಹನ್ನೆರಡಕ್ಕೇ ಕರಗಿಸಿದ್ದಳು. ಬೇರೆ ಯಾರದಾದರೂ ಮೂಳೆ ಸಿಗುತ್ತದೆ, ಇದು ಸಿಗುವುದಿಲ್ಲ.

ಕಾರಿಡಾರಿನ ಕಿಟಕಿಯ ಬಳಿ ನಿಂತು ಮನೆಗೆ ಫೋನು ಮಾಡಿದಳು.

"ಏನೇ, ಇಷ್ಟೊತ್ತಿಗೆ?"

"ಅಪ್ಪ, ನಿನ್ನ ಮೂಳೆ ಅವುಗಳನ್ನ ಬಚ್ಚಿಟ್ಟುಕೊಂಡಿದೆ."

"ಯಾವುದನ್ನ?"

"ರೋಗಾನ. ಔಷಧ ಹಾಕಿದಾಗ ಅವು ಅದರ ಕೆಳಗೆ ಹೋಗಿ ಸೇರಿಕೊಂಡಿವೆ. ಅದೇ ಸಾಕ್ತಿದೆ."

ಅವನು ಯಾವ ಕುರ್ಚಿಯಲ್ಲಿ, ಹೇಗೆ ಕಾಲು ಚಾಚಿ ಕೂತಿದ್ದಾನೆಂದು ಅವಳಿಗೆ ಕಂಡಿತು. ಹಾಲಿನವನ ಎದುರು ಇನ್ನು ಏನು ಹೇಳುತ್ತಾನೆ?

"ನನ್ನ ಮೂಳೆ ಆ ಕಡೆ ಸೇರಿಬಿಡ್ತು ಅಂತೀಯಾ?"

"ಅದಕ್ಕೆ ಕಡೆ ಗೊತ್ತಾಗಲ್ಲ ಅಪ್ಪ. ಯಾರು ಬಂದ್ರೂ ಸಾಕುತ್ತೆ. ಅದರ ಕೆಲಸ ಅದು."

"ಎಷ್ಟು ದಿನದಿಂದ ಬಚ್ಚಿಟ್ಟಿದೆ?"

"ಆರು ತಿಂಗಳಿಂದ."

"ನಿಮ್ಮ ಸರ್‌ಗೆ ಗೊತ್ತಾಗ್ಲಿಲ್ವಾ?"

"ಇಲ್ಲ."

"ನಿನಗೆ?"

"ಇವತ್ತಿನವರೆಗೂ ಇಲ್ಲ."

"ಮತ್ತೆ!" ಎಂದ ಅಪ್ಪ. ಮೈದಾನದ ಆ ತುದಿಗೆ ಕೇಳಿಸುವ ದನಿ. "ಅಂಥಿಂಥ ಮೂಳೆ ಅಂದ್ಕೊಂಡ್ರಾ?"

ಅವಳಿಗೆ ನಗು ಬಂತು. "ಎಲ್ಲಾನೂ ಕಿತ್ತು ಎಣಿಸಬೇಕು ಅಪ್ಪ. ಆಮೇಲೆ ಏನೂ ಉಳಿಯಲ್ಲ."

"ಒಂದೂ?"

"ಒಂದೂ ಇಲ್ಲ."

ಅಪ್ಪ ಕೆಮ್ಮಿದ. "ಅರ್ಧಂಬರ್ಧ ಕೀಳಬೇಡ. ಕೀಳೋದಾದ್ರೆ ಪೂರ್ತಿ ಕೀಳು. ಇಡ್ತೀನಿ," ಎಂದ. ಆದರೆ ಇಡಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಒಬ್ಬರ ಉಸಿರು ಒಬ್ಬರು ಕೇಳಿದರು. ಕೊನೆಗೆ ಅವಳೇ ಇಟ್ಟಳು.

ಬುಲ್ಡೋಜರ್ ತನ್ನ ಮೇಜಿನಲ್ಲಿ ಏನೋ ತಿನ್ನುತ್ತಿದ್ದ. ಅವಳು ಹೋಗಿ ಅವನೆದುರು ನಿಂತಳು. ಕ್ಷಮಿಸು ಎಂಬ ಮಾತು ನಾಲಗೆಯವರೆಗೂ ಬರಲಿಲ್ಲ. "ನಿನ್ನ ಕೈ ಬೇಕು," ಎಂದಳು. ಅವನು ತಿನ್ನುವುದನ್ನು ನಿಲ್ಲಿಸಿ ಅವಳನ್ನು ನೋಡಿದ. ಕೈ ತೊಳೆದುಕೊಂಡು ಬಂದ.

ಹನ್ನೆರಡನ್ನೂ ಸಾಲಾಗಿ ಇಟ್ಟರು. ದ್ರಾವಣ ಸುರಿದು ಕಾದರು. ಮೊದಲನೆಯದನ್ನು ಅವಳು ತಟ್ಟಿದಳು, ಮಗುವಿನ ಬೆನ್ನು ತಟ್ಟಿದ ಹಾಗೆ. ಪದರ ಅಲುಗಲಿಲ್ಲ. "ಮೇಡಂ, ಜೋರಾಗಿ," ಎಂದ ಅವನು, "ಸಾಲ ವಸೂಲಿಗೆ ಬಾಗಿಲು ಬಡಿಯೋರಂಗೆ." ಅವಳು ಫ್ಲಾಸ್ಕನ್ನು ಅಂಗೈಗೆ ಅಪ್ಪಳಿಸಿದಳು. ಇನ್ನೊಮ್ಮೆ. ಅಂಗೈ ಉರಿಯಿತು. ತಳದಿಂದ ಒಂದು ತೆಳ್ಳನೆಯ ಚರ್ಮ ಎದ್ದು, ಮಡಿಚಿಕೊಂಡು, ನೀರಿನಲ್ಲಿ ತೇಲಿತು. ಇಷ್ಟು ದಿನ ಯಾರೂ ಕಾಣದ್ದು, ಬರಿಗಣ್ಣಿಗೆ ಕಾಣುವಷ್ಟು. ಅದನ್ನು ನೋಡುತ್ತಾ ನಿಲ್ಲಲು ಅವನು ಬಿಡಲಿಲ್ಲ. ಕೈಯಿಂದ ತೆಗೆದುಕೊಂಡು ಮುಂದಿನದನ್ನು ಕೊಟ್ಟ. ಎಣಿಸುವ ಗಾಜಿನ ಮೇಲೆ ನೀಲಿ ಬಣ್ಣ ಬೆರೆಸಿದರು. ಸತ್ತ ಕೋಶ ನೀಲಿ ಕುಡಿಯುತ್ತದೆ, ಬದುಕಿದ್ದು ಕುಡಿಯುವುದಿಲ್ಲ. ದೊಡ್ಡವು ಪದರದವು, ಸಣ್ಣವು ರೋಗದವು. ಸಣ್ಣವು ಕುಡಿದಿರಲಿಲ್ಲ. ಎರಡನೆಯದರಲ್ಲೂ. ಐದನೆಯದರಲ್ಲೂ. ಅವನು ಹೇಳುತ್ತಾ ಹೋದ, ಅವಳು ಇನ್ನೊಂದು ಸಲ ಎಣಿಸಿ ಹೌದೆನ್ನುತ್ತಾ ಹೋದಳು. ಒಂದು ಫ್ಲಾಸ್ಕೂ ತಪ್ಪಲಿಲ್ಲ. ಇಷ್ಟು ಸ್ವಚ್ಛವಾದ ಫಲಿತಾಂಶ ಅವಳ ಕೈಗೆ ಹಿಂದೆಂದೂ ಬಂದಿರಲಿಲ್ಲ. ಹೊಟ್ಟೆಯೊಳಗಿಂದ ಒಂದು ಹಿಗ್ಗು ಏಳುತ್ತಿತ್ತು. ಅದನ್ನು ಅದುಮಲು ಹೋಗಲಿಲ್ಲ.

ಸಭೆಯಲ್ಲಿ ಸರ್ ಮಾತು ಶುರುಮಾಡುವ ಮೊದಲೇ ಅವಳು ಎದ್ದಳು. ಪದರ ಕೀಳುವ ಮೊದಲು ತೆಗೆದಿಟ್ಟ ಬೂದು ಚಿತ್ರವನ್ನು ಪರದೆಗೆ ಹಾಕಿದಳು. ಅಂಗೈ ಇನ್ನೂ ಕೆಂಪಗಿತ್ತು. ಹೇಳಿದ್ದು ಹತ್ತು ವಾಕ್ಯವೂ ಇರಲಿಲ್ಲ. ಸರ್ ನೀರಿನ ಲೋಟ ತೆಗೆದುಕೊಂಡು ಕುಡಿಯದೆ ಇಟ್ಟರು. ಆಸ್ಪತ್ರೆಯ ಹಿರಿಯ ಡಾಕ್ಟರಮ್ಮ ಕನ್ನಡಕ ತೆಗೆದು ಪರದೆಯನ್ನೂ ಅವಳನ್ನೂ ನೋಡಿದರು.

"ಅಂದ್ರೆ ಈ ಔಷಧ ಕೆಲಸ ಮಾಡಲ್ಲ ಅಂತಲಾ?"

"ಇದೊಂದರಿಂದ ಆಗಲ್ಲ. ಮೊದಲು ಅವುಗಳನ್ನ ಪದರದಿಂದ ಬಿಡಿಸಿ ಹೊರಗೆ ತರಬೇಕು. ಆಮೇಲೆ ಕೊಲ್ಲಬೇಕು. ಬಿಡಿಸೋದು ಹೇಗೆ ಅಂತ ನನಗಿನ್ನೂ ಗೊತ್ತಿಲ್ಲ."

"ಆರು ತಿಂಗಳು ನೀವು ಗಮನಿಸಲಿಲ್ವಾ?"

ಹಿಂದಿನ ಸಾಲಿನಲ್ಲಿ ಯಾರೋ ಮೂಗಿನಲ್ಲೇ ನಕ್ಕರು.

"ಇಲ್ಲ," ಎಂದಳು. "ಪದರಕ್ಕೆ ನೋವಾಗದ ಹಾಗೆ ಎಣಿಸ್ತಿದ್ದೆ. ಅಷ್ಟು ನಯವಾಗಿ ಎಣಿಸಿದ್ರೆ ಇದು ಸಿಗಲ್ಲ. ಮೊದಲು ಲೆಕ್ಕಕ್ಕೆ ತಂದದ್ದು ಇವರು." ಬುಲ್ಡೋಜರ್ ಕಡೆ ಕೈ ಮಾಡಿದಳು, ಅವನು ಕುರ್ಚಿಯಲ್ಲಿ ಚಿಕ್ಕದಾಗಲು ಪ್ರಯತ್ನಿಸಿ ಸೋತ. "ನಾನು ನಂಬಿರಲಿಲ್ಲ. ಅವು ಎಲ್ಲಿವೆ ಅಂತ ಕಣ್ಣಾರೆ ಕಂಡದ್ದು ಮಾತ್ರ ನಾನು."

ತಲೆ ತಗ್ಗಿಸಬೇಕಾದ ಜಾಗ ಅದು. ಎಲ್ಲರೂ ಅದಕ್ಕೆ ಕಾದರು. ಅವಳು ತಗ್ಗಿಸಲಿಲ್ಲ.

ಸಂಜೆ ತೊಟ್ಟಿಗೆ ಹನ್ನೆರಡು ಫ್ಲಾಸ್ಕುಗಳು ಬಿದ್ದವು. ಒಂದು ಔಷಧ ಹೋಯಿತು, ಆರು ತಿಂಗಳ ಲೆಕ್ಕ ಹೋಯಿತು, ಬರೆದಿಟ್ಟ ಲೇಖನ ಹೋಯಿತು, ಮುಂದೆ ಬರೆಯಬೇಕಾದ್ದರಲ್ಲಿ ಮೊದಲ ಹೆಸರು ಬುಲ್ಡೋಜರ್‌ಗೆ ಹೋಯಿತು. ಅಪ್ಪನ ಮೂಳೆಯಲ್ಲಿ ಬದುಕಿದ್ದದ್ದು ಒಂದೂ ಉಳಿಯಲಿಲ್ಲ.